ತಟ್ಟೆಯಲ್ಲಿಟ್ಟ ಸಿಗರೇಟು

"ನಾನು ಸೇದೋನಲ್ಲ, ಯಾರಾದ್ರೂ ಕೊಟ್ಟಾಗ ಒಂದು, ಅಷ್ಟೆ" ಎನ್ನುತ್ತಿದ್ದ ನಮ್ಮ ಜಾವಾದ ಈ ಓಣಿಯ ಪ್ರಸೋಜೊ. ಕೊಡುವವರಿಗೇನು ಬರವೇ? ಮದುವೆಮನೆಯಲ್ಲಿ ಕೊಟ್ಟರು, ಕಾಫಿ ಅಂಗಡಿಯಲ್ಲಿ ಕೊಟ್ಟರು. ಬೇಡವೆಂದ ದಿನ ಗೆಳೆಯರು, "ಯಾಕೋ, ಅಮ್ಮನ್ನ ಕೇಳ್ಕೊಂಡು ಬರ್ಬೇಕಾ?" ಎಂದು ಚುಚ್ಚಿದರು. ಮೀಸೆ ಚಿಗುರುತ್ತಿದ್ದ ಹುಡುಗ, ತೆಗೆದುಕೊಂಡ.

ಲವಂಗದ ಸಿಗರೇಟು ಸೇದಿ ಸೇದಿ ಶ್ವಾಸಕೋಶ ಹಾಳಾಗಿದ್ದ ಅವನಪ್ಪ ಮೊನ್ನೆ ತೀರಿಕೊಂಡ. ಸತ್ತವನಿಗಾಗಿ ನಡೆಯುವ ಸಂಜೆಯ ಪ್ರಾರ್ಥನೆಗೆ ನೆರೆಯವರೆಲ್ಲ ಅವರ ಮನೆಯ ಚಾಪೆಯ ಮೇಲೆ ಕೂತೆವು. ಸಿಗರೇಟು ಬಿಡಿ ಎಂದು ಗಂಡನ ಮುಂದೆ ವರ್ಷಗಟ್ಟಲೆ ಗೋಗರೆದಿದ್ದ ಅವನಮ್ಮ ಸುಲಸ್ತ್ರಿ, ಬಂದವರಿಗೆ ಮರ್ಯಾದೆ ಮಾಡಬೇಕಲ್ಲ ಎಂದು ಅದೇ ಸಿಗರೇಟುಗಳನ್ನು ತಟ್ಟೆಯಲ್ಲಿ ಜೋಡಿಸಿ ತಂದಿಟ್ಟಳು. ಮನೆಯ ಗಂಡಸು ಮೊದಲು ಹಚ್ಚದೆ ನಮ್ಮ ಓಣಿಯಲ್ಲಿ ಯಾರೂ ತಟ್ಟೆಗೆ ಕೈ ಹಾಕುವುದಿಲ್ಲ. ಆ ಮನೆಗೆ ಈಗ ಗಂಡಸೆಂದರೆ ಪ್ರಸೋಜೊ ಒಬ್ಬನೇ. ನಾಚಿಕೆಗೆಟ್ಟ ನಾವೆಲ್ಲ ಹುಡುಗನ ಮುಖವನ್ನೇ ನೋಡುತ್ತ ಕೂತೆವು.

ಪ್ರಸೋಜೊ ತಟ್ಟೆ ಮುಟ್ಟದೆ ತಾಯಿಯ ಕಡೆ ತಿರುಗಿದ.

"ಹಚ್ಚಪ್ಪಾ," ಎಂದಳು ಅವಳು, "ಎಲ್ಲರೂ ಕಾಯ್ತಾ ಇದಾರೆ."

ಕಡ್ಡಿ ಗೀರಿ ಅವನ ತುಟಿಯ ಹತ್ತಿರ ಹಿಡಿದವಳೂ ಅವಳೇ.