ನೀಮಾ ಕೇಳಿದ್ದು, ನಾಗಮ್ಮ ಹೇಳಿದ್ದು

ದೆವ್ವ, ದೃಷ್ಟಿ, ಪವಾಡ ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಂಬಿ ಬೆಳೆದವನು ನಾನು. ಕಾರವಾರದ ಸಣ್ಣ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದಾಗ ಅಂಥ ಸುದ್ದಿ ತಂದವರಿಗೆ ಚಾ ಕುಡಿಸಿ ಸಾಗಹಾಕುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನೀವು ನಕ್ಕರೂ ಅಡ್ಡಿಯಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೊರದೇಶದ ಸಂಸ್ಥೆಯೊಂದು ನಮ್ಮಂಥ ಬಡ ದೇಶಗಳ ಪತ್ರಕರ್ತರನ್ನು ಜೋಡಿ ಮಾಡಿ, ಇಬ್ಬರೂ ಸೇರಿ ರೇಡಿಯೋಕ್ಕೆ ಒಂದು ವರದಿ ಮಾಡಿ ಎಂದಿತ್ತು. ಗೆದ್ದ ಜೋಡಿಗೆ ಅಲ್ಲಿ ಮೂರು ತಿಂಗಳ ತರಬೇತಿ. ನನ್ನ ಜೋಡಿಯಾಗಿ ಕಾರವಾರಕ್ಕೆ ಬಂದವಳು ತಾಂಜಾನಿಯಾದ ನೀಮಾ. ಅವಳೂ ಕಡಲ ದಂಡೆಯ ಊರಿನವಳು, ಮಾತು ಕಡಿಮೆ. ನಮ್ಮಿಬ್ಬರ ನಡುವೆ ಹರುಕು ಮುರುಕು ಇಂಗ್ಲಿಷು. ಮೀನು ಮಾರುವ ಹೆಂಗಸರ ಬಗ್ಗೆ ವರದಿ ಎಂದು ಗೊತ್ತುಮಾಡಿದೆವು. ಪಂಚಾಯತಿ ಸಭೆ, ಬಸ್ ಅಪಘಾತ ಬರೆದು ಬರೆದು ನನಗೆ ಸಾಕಾಗಿ ಹೋಗಿತ್ತು. ಈ ತರಬೇತಿ ತಪ್ಪಿದರೆ ನನ್ನನ್ನು ಮತ್ತೆ ಕರೆಯುವವರು ಯಾರೂ ಇರಲಿಲ್ಲ.

ನೀಮಾ ಹೊರಡುವ ದಿನ ಬೆಳಿಗ್ಗೆ ಒಂದು ಸಂದರ್ಶನ ಬಾಕಿ ಉಳಿದಿತ್ತು. ಬೆಳಂಬಾರದ ನಾಗಮ್ಮನದು. ಕಾರವಾರದ ಬೈತಖೋಲ ಬಂದರಿನ ಹರಾಜಿನಲ್ಲಿ ಮೀನು ಕೊಂಡು, ಟೆಂಪೋದಲ್ಲಿ ಅಂಕೋಲೆ ಪೇಟೆಗೆ ತಂದು ಮಾರುವವಳು. ಪೇಟೆಯಲ್ಲಿ ಅವಳ ಬುಟ್ಟಿಯ ಮುಂದೆ ಗಡಿಬಿಡಿಯಲ್ಲಿ ಮೈಕು ಹಿಡಿದು, "ಬಂಗಡೆ ಇವತ್ತು ಹೆಂಗೆ ನಾಗಮ್ಮಕ್ಕ?" ಎಂದುಬಿಟ್ಟೆ. ಅವಳಿಗಿನ್ನೂ ಬೋಣಿಯಾಗಿರಲಿಲ್ಲ. ದಿನದ ಮೊದಲ ವ್ಯಾಪಾರಕ್ಕೆ ಮುಂಚೆ ದರ ಕೇಳಿ, ಕೊಳ್ಳದೆ ನಿಂತರೆ ನಮ್ಮ ಪೇಟೆಯಲ್ಲಿ ಅದಕ್ಕಿಂತ ದೊಡ್ಡ ಅಪಶಕುನವಿಲ್ಲ. ಅಂಕೋಲೆಯಲ್ಲೇ ಹುಟ್ಟಿದ ನನಗೆ ಅಷ್ಟೂ ನೆನಪಾಗಲಿಲ್ಲ ನೋಡಿ.

"ಎಂತಾ ಕೈಗುಣನೋ ನಿಂದು. ನೀ ಆಚೆ ನಡಿ ತಮಾ. ಆ ಹುಡ್ಗಿ ಬೇಕಾರೆ ಕೂತ್ಕಳ್ಳಿ," ಎಂದಳು ನಾಗಮ್ಮ. ಈಗಲೇ ಕೊಳ್ಳುತ್ತೇನೆ ಎಂದರೂ ಕೇಳಲಿಲ್ಲ.

ಎದುರಿನ ಚಾದಂಗಡಿಯಲ್ಲಿ ತಲೆಯ ಮೇಲೆ ಕೈಹೊತ್ತು ಕೂತೆ. ನೀಮಾಗೆ ಕನ್ನಡ ಬಾರದು. ನಾಗಮ್ಮನಿಗೆ ಕನ್ನಡ, ಕೊಂಕಣಿ ಬಿಟ್ಟರೆ ಇನ್ನೊಂದು ಬಾರದು. ದುಭಾಷಿಯಾಗಬೇಕಿದ್ದ ನಾನು ಇಲ್ಲಿ ಚಾ ಕುಡಿಯುತ್ತಿದ್ದೇನೆ. ಎಲ್ಲ ನೀರುಪಾಲಾಯಿತು ಅಂದುಕೊಂಡೆ. ಆದರೆ ಅಲ್ಲಿ ಇಬ್ಬರೂ ಮಾತಾಡುತ್ತಿದ್ದರು, ನಗುತ್ತಿದ್ದರು. ಕೈಸನ್ನೆ ಬಾಯಿಸನ್ನೆ ಇರಬೇಕು ಅನ್ನಿಸಿತು.

ಅರ್ಧ ತಾಸಿನ ಮೇಲೆ ನೀಮಾ ಬಂದು, "ಈ ಅಮ್ಮನಿಗೆ ನಮ್ಮ ಸ್ವಾಹಿಲಿ ಬರುತ್ತದೆಂದು ಮೊದಲೇ ಯಾಕೆ ಹೇಳಲಿಲ್ಲ?" ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಾಗಮ್ಮನನ್ನೇ ಕೇಳಿದೆ.

"ಚಂದಾಗಿ ನಮ್ಮ ಮಾತೇ ಆಡ್ತದೆ ಅದು. ನಿನ್ಕಿಂತ ಸ್ಪಷ್ಟ," ಎಂದಳು ಅವಳು.

ಕ್ಯಾಸೆಟ್ ಹಚ್ಚಿದೆವು. ನೀಮಾ ಕೇಳಿದ್ದೆಲ್ಲ ಸ್ವಾಹಿಲಿಯಲ್ಲಿ, ನಾಗಮ್ಮ ಹೇಳಿದ್ದೆಲ್ಲ ಶುದ್ಧ ಅಂಕೋಲೆ ಕನ್ನಡದಲ್ಲಿ. ಈಗ ನಾಗಮ್ಮನ ಒಂದು ಶಬ್ದವೂ ನೀಮಾಗೆ ತಿಳಿಯಲಿಲ್ಲ. ಕ್ಯಾಸೆಟ್ ತಿರುಗಿಸಿ ಮತ್ತೆ ಮೊದಲಿಂದ ಹಚ್ಚಿದಳು. ಅವಳು ತನ್ನ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು, ನಾನು ಉತ್ತರಗಳನ್ನು. ಐಸಿನ ಲಾರಿ ಬಂದಮೇಲೆ ವ್ಯಾಪಾರ ಹೇಗೆ ಎಂದರೆ ಐಸಿನ ಲಾರಿಯದೇ ಉತ್ತರ. ಎಲ್ಲೂ ತಪ್ಪಿಲ್ಲ. ಕೊನೆಗೊಂದು ಪ್ರಶ್ನೆ ಇತ್ತು, ನೀಮಾ ದನಿ ತಗ್ಗಿಸಿ ಕೇಳಿದ್ದು. ಅದಕ್ಕೆ ನಾಗಮ್ಮ, "ಬೋಣಿ ಆಗೂವರೆಗೆ ಬುಟ್ಟಿ ಬಿಟ್ಟು ಏಳೂಕಾಗ ಮಗಾ," ಎಂದಿದ್ದಳು. ಏನು ಕೇಳಿದೆ ಎಂದರೆ ನೀಮಾ, "ಅದು ವರದಿಗೆ ಬೇಡ," ಎಂದಳು. ನಾನೂ ಆ ಉತ್ತರವನ್ನು ಅವಳಿಗೆ ಹೇಳದೆ ಬಿಟ್ಟೆ.

ಎರಡೂ ಭಾಷೆ ಹಾಗೇ ಇಟ್ಟು, ಜೊತೆಗೆ ಅರ್ಥ ಹೇಳಿ ಕಳಿಸಿದೆವು. ಗೆದ್ದೆವು. ತರಬೇತಿಗೆ ಹೋದಾಗ ಅಲ್ಲಿ, ಹತ್ತಾರು ದೇಶದವರು ಕೂತಿದ್ದ ಸಭಾಂಗಣದಲ್ಲಿ ನಾಗಮ್ಮನ ದನಿ ಕೇಳಿಸಿದಾಗ ನನ್ನ ಕಣ್ಣು ತುಂಬಿ ಬಂತು. ಮುಗಿದದ್ದೇ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಎರಡು ಭಾಷೆಯನ್ನು ಎದುರುಬದುರು ಕೂರಿಸಿದ ಉಪಾಯ ಯಾರದು ಎಂದು ತರಬೇತಿ ಕೊಡುವವರು ಕೇಳಿದರು. ನಾವಿಬ್ಬರೂ ನಾಗಮ್ಮನ ಹೆಸರು ಹೇಳಿದೆವು.

ಹೊರಗೆ ಬಂದಮೇಲೆ ನೀಮಾ ತಾನಾಗಿ ಹೇಳಿದಳು. "ಮನೆಯವರು ಈ ಕೆಲಸ ಬಿಡು ಅನ್ನುತ್ತಿದ್ದಾರೆ, ಬಿಟ್ಟುಬಿಡಲೇ ಎಂದು ಆವತ್ತು ಆ ಮೀನಿನ ಅಮ್ಮನನ್ನು ಕೇಳಿದ್ದೆ. ಮೊದಲ ಮೀನು ಮಾರುವ ತನಕ ಬುಟ್ಟಿ ಬಿಟ್ಟು ಏಳಬೇಡ ಅಂದಳು ಅಮ್ಮ. ಏಳಲಿಲ್ಲ." ಆ ಉತ್ತರವನ್ನು ನಾನು ಅವಳಿಗೆ ಹೇಳಿರಲೇ ಇಲ್ಲ. ಇವತ್ತು ನೀಮಾ ತನ್ನೂರಿನ ರೇಡಿಯೋ ಕೇಂದ್ರವನ್ನೇ ನಡೆಸುತ್ತಾಳೆ.

ಊರಿಗೆ ಮರಳಿದವನು ಬೆಳಿಗ್ಗೆಯೇ ಅಂಕೋಲೆ ಪೇಟೆಗೆ ಹೋದೆ. ಗೆದ್ದ ಸುದ್ದಿ ಹೇಳಿ, ಆವತ್ತು ಅದು ಹೆಂಗಾಯ್ತು ನಾಗಮ್ಮಕ್ಕ ಎಂದೆ.

"ಹೆಂಗೆ ಅಂದ್ರೆ? ಅದು ಕೇಳ್ತು, ನಾ ಹೇಳ್ದೆ," ಎಂದು ಅವಳು ಬುಟ್ಟಿಯ ಮೇಲಿನ ಎಲೆ ಸರಿಸಿದಳು. "ಅದೆಲ್ಲ ಇರ್ಲಿ. ಬಂಗಡೆ ತಕಾ. ಇವತ್ತು ಬೋಣಿ ನಿನ್ನ ಕೈಯಿಂದ್ಲೇ ಆಗ್ಲಿ."

ಅದು ಹೇಗಾಯಿತೆಂದು ನನಗೆ ಇವತ್ತಿಗೂ ತಿಳಿಯದು. ಆದರೆ ಆವತ್ತು ಆ ಬಂಗಡೆ ಹಿಡಿದು ಪೇಟೆಯ ನಡುವೆ ರಾಜನ ಹಾಗೆ ನಡೆದುಬಂದೆ.