ಬಾಗಿಲ ಹಲಗೆಯ ಗಿಟಾರ್

ಮಿಕ್ಸರ್ ರಿಪೇರಿಗೆ ಕೊಟ್ಟು ಗದಗಿನ ಒಂದು ಪುಟ್ಟ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಕುಳಿತಾತ ಕಾದ ಬೆಸುಗೆ ಕಡ್ಡಿಯನ್ನು ತಂತಿಗೆ ತಾಗಿಸಿದ. ಎಳೆಯಷ್ಟು ಬಿಳಿ ಹೊಗೆ ಎದ್ದಿತು, ರಾಳ ಸುಟ್ಟ ವಾಸನೆ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಮಾತ್ರ ಇನ್ನೊಮ್ಮೆ ಉಸಿರೆಳೆದುಕೊಂಡೆ. ಬೆಟಗೇರಿಯ ಓಣಿ, ಎದುರು ಮನೆಯ ಕಟ್ಟೆ, ಕಟ್ಟೆಯ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಕುಳಿತ ಕಾಕಾ...

ಮದುವೆಯಾದ ಹೊಸದರಲ್ಲಿ ನಾವು ಅಲ್ಲಿ ಬಾಡಿಗೆಗಿದ್ದೆವು. ಎದುರು ಮನೆಯವರನ್ನು ಓಣಿಯೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹಗಲೆಲ್ಲ ಸೀರೆ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವ ಕೆಲಸ. ಮದುವೆಗಳ ಕಾಲ ಬಂತೆಂದರೆ ಸಂಜೆಗೆ ಆರ್ಕೆಸ್ಟ್ರಾದಲ್ಲಿ ಗಿಟಾರ್. ಚಹಾದ ಕಪ್ಪು ಕೊಡುವಾಗ ಅವರ ಕೈ ನೋಡಿದ್ದೆ. ಬಲಗೈ ಬೆರಳುಗಳು ರೇಷ್ಮೆ ಮುಟ್ಟಿ ಮುಟ್ಟಿ ನುಣುಪಾಗಿದ್ದರೆ, ಎಡಗೈ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದವು.

ಅವರ ಹೆಂಡತಿ ಪವರ್‌ಲೂಮ್ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ದುಡಿದವರು. ಅವರನ್ನು ನಾನು ಕಾಕು ಎನ್ನುತ್ತಿದ್ದೆ. ಮಗ್ಗಗಳ ಸದ್ದು ಅವರ ಕಿವಿಯನ್ನು ತಿಂದಿತ್ತು. ಸಣ್ಣ, ಚೂಪು ದನಿಗಳು ಮೊದಲು ಹೋದವು... ಕುಕ್ಕರಿನ ಸೀಟಿ, ಗುಬ್ಬಿ, ಕೈಬಳೆ. ಗುಡುಗಿದರೆ, ಓಣಿಯಲ್ಲಿ ಲಾರಿ ಬಂದರೆ ತಿಳಿಯುತ್ತಿತ್ತು. ಕಿವಿಯ ಮಷಿನ್ ಹಾಕಿಕೊಂಡರೆ ತಲೆ ನೋಯುತ್ತದೆಂದು ಅದನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದರು. ಆರ್ಕೆಸ್ಟ್ರಾದ ಗಿಟಾರನ್ನು ಕಾಕಾ ಮನೆಗೆ ತಂದು ಎಷ್ಟು ಬಾರಿಸಿದರೂ ಕಾಕು ತಮ್ಮ ಪಾಡಿಗೆ ಸೊಪ್ಪು ಸೋಸುತ್ತ ಕುಳಿತಿರುತ್ತಿದ್ದರು.

ಕಾಕಾ ತಮ್ಮದೇ ಒಂದು ಎಲೆಕ್ಟ್ರಿಕ್ ಗಿಟಾರ್ ಕಟ್ಟಲು ಹೊರಟದ್ದು ಇದಕ್ಕೇ. ಮನೆಯಲ್ಲಿ ಕೆಲಸಕ್ಕೆ ಬಾರದೆ ಬಿದ್ದಿದ್ದ ಸಾಗವಾನಿ ಬಾಗಿಲನ್ನು ಕೊಯ್ಯಿಸಿ ಗಿಟಾರಿನ ಒಡಲು ಮಾಡಿಸಿದರು. ಕುತ್ತಿಗೆ, ತಂತಿ ಬಿಗಿಯುವ ಕಿವಿಗಳು, ವೈರುಗಳು ಒಂದೊಂದಾಗಿ ಕೊರಿಯರಿನಲ್ಲಿ ಬಂದವು. ಉಳಿದದ್ದು ಪಿಕಪ್. ತಂತಿಗಳ ಕೆಳಗೆ ಕೂರುವ, ತಾಮ್ರದ ಎಳೆ ಸುತ್ತಿದ ಅಯಸ್ಕಾಂತ ಅದು. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಗಿಟಾರಿನ ದನಿ ಎಂಥದಾಗಬೇಕೆಂಬುದು ಬಹುಪಾಲು ಅದರ ಕೈಯಲ್ಲೇ ಇರುತ್ತದಂತೆ.

ಒಂದು ಮಧ್ಯಾಹ್ನ ಕಾಕಾ ಮೊಬೈಲ್ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಕಾನ್ವೆಂಟ್ ಕಲ್ತಾಕಿ ಅದಿ, ಇದನ್ನಷ್ಟು ಓದಿ ಹೇಳವಾ."

ಪಿಕಪ್ ಮಾರುವವರ ಇಂಗ್ಲಿಷ್ ವರ್ಣನೆಗಳು. ಸಿಸ್ಟರ್‌ಗಳು ಪದ್ಯಗಳ ಅರ್ಥ ಹೇಳಿಕೊಟ್ಟಿದ್ದರೇ ಹೊರತು ಇಂಥದ್ದನ್ನಲ್ಲ. ಹೇಗೋ ಶುರು ಮಾಡಿದೆ. "ಇದರ ಧ್ವನಿ ಬೆಚ್ಚಗ ಇರ್ತೈತಂತ್ರಿ ಕಾಕಾ."

"ಧ್ವನಿ ಬೆಚ್ಚಗ ಹೆಂಗಿರ್ತೈತಿ? ಅದೇನ್ ಚಾ ಏನು?"

"ಇನ್ನೊಂದರದು ಹೊಳೀತೈತಂತ."

"ಇವರು ಪಿಕಪ್ ಮಾರ್ತಾರೋ, ಸೀರಿ ಮಾರ್ತಾರೋ? ಹೊಳಿಯೂದು ನಾವೂ ದಿನಾ ಹೇಳ್ತೀವಿ ಬಿಡು." ಆಮೇಲೆ ದನಿ ತಗ್ಗಿಸಿದರು. ಕಾಕುಗೆ ಕೇಳದ ಮಾತಿಗೆ ದನಿ ತಗ್ಗಿಸುವ ಅಗತ್ಯವೇನಿತ್ತೋ. "ನಿಮ್ಮ ಕಾಕುಗ ಕೇಳೂವಂಥಾದ್ದು ಯಾವುದು, ಅದನ್ನ ನೋಡು."

ನಾನು ಮತ್ತೆ ಮೊದಲಿಂದ ಓದಿದೆ, ಈ ಸಲ ನಿಧಾನವಾಗಿ. ತೆಳ್ಳನೆಯ, ಒಂದೇ ಸುರುಳಿಯದು ಚೂಪು ದನಿಯದು. ಎರಡು ಸುರುಳಿಯ ಅಗಲದ್ದು ದಪ್ಪ ದನಿಯದು, ತಗ್ಗಿನ ಸ್ವರಗಳು ಅದರಲ್ಲಿ ತುಂಬಿ ಬರುತ್ತವೆ. ಅಗಲದ್ದನ್ನು ತರಿಸಲು ಹೇಳಿದೆ.

ಅಷ್ಟರಲ್ಲಿ ಆರ್ಕೆಸ್ಟ್ರಾದ ಮಾಲಕ ತೆಳ್ಳನೆಯ ಪಿಕಪ್ಪೊಂದನ್ನು ತಾನೇ ತಂದುಕೊಟ್ಟ. ಢೋಲಕ್ಕು, ಕೀಬೋರ್ಡುಗಳ ನಡುವೆ ಗಿಟಾರ್ ಎದ್ದು ಕೇಳಬೇಕು, ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಬೇರೆಯವರನ್ನು ನಿಲ್ಲಿಸುತ್ತೇನೆ ಎಂದ. ಎರಡನ್ನೂ ಕೂರಿಸೋಣವೆಂದರೆ ಹಲಗೆ ಕೊಯ್ದುಕೊಟ್ಟ ಬಡಿಗೇರ ಒಪ್ಪಲಿಲ್ಲ. "ಹಳೀ ಹಲಗಿ ಐತ್ರಿ, ನಡುವ ಬಿರುಕು ಐತಿ. ಎರಡು ಕುಣಿ ತೋಡಿದ್ರ ತಡಿಯಂಗಿಲ್ಲ."

ಹೀಗೆ ಒಂದೇ ಕುಣಿ. ಕಾಕಾ ಮೊದಲು ಮಾಲಕ ಕೊಟ್ಟದ್ದನ್ನು ಬೆಸುಗೆ ಹಾಕಿ ಬಾರಿಸಿದರು. ದನಿ ಗಾಜಿನ ಹಾಗೆ ಸ್ವಚ್ಛವಾಗಿತ್ತು, ಓಣಿಯ ಮಕ್ಕಳು ಓಡಿ ಬಂದವು. ಕಾಕು ಕಟ್ಟೆಯ ತುದಿಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಕಾಕಾ ಹಾಡನ್ನು ಅರ್ಧಕ್ಕೇ ಬಿಟ್ಟು ಮತ್ತೆ ಕಡ್ಡಿ ಕಾಯಿಸಿದರು.

ಅಗಲದ್ದನ್ನು ಕೂರಿಸಿ ಅದೇ ಹಾಡನ್ನು ತಗ್ಗಿನ ತಂತಿಗಳಲ್ಲಿ ಬಾರಿಸಿದಾಗ ನಾನು ಕಾಕುವನ್ನೇ ನೋಡುತ್ತಿದ್ದೆ. ಅವರ ಬೆರಳು ಅಕ್ಕಿಯಲ್ಲಿ ನಿಂತಿತು. ಗಂಡನ ಕಡೆ ಹೊರಳಿದರು.

"ಅಲ್ಲೇ ತಪ್ಪಿದ್ರಿ ನೋಡ್ರಿ. ಮೊದಲಿಂದ್ನೂ ಅಲ್ಲೇ ತಪ್ತೀರಿ."

ಕಾಕಾ ನಕ್ಕರು. ಗಿಟಾರ್ ತೊಡೆಯ ಮೇಲೆ ಮಲಗಿಸಿ, ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. "ಕೇಳಿದೇನವಾ, ಕೇಳಿದೇನು," ಎಂದು ನನ್ನನ್ನೇ ಕೇಳಿದರು.

ಮಾಲಕನಿಗೆ ಅದು ಹಿಡಿಸಲಿಲ್ಲ. "ಕಂಬಳಿ ಹೊದ್ಕೊಂಡು ಹಾಡಿದಂಗ ಆಗತೈತಲ್ರಿ ಕಾಕಾ," ಎಂದ.

"ಇರ್ಲಿ ಬಿಡಪಾ, ಥಂಡಿ ದಿನ ಅದಾವ," ಎಂದರು ಕಾಕಾ.

ಅಂದಿನಿಂದ ಅವರ ಜಾಗ ವೇದಿಕೆಯ ಹಿಂದಿನ ಸಾಲಿಗೆ, ಡ್ರಮ್ಮಿನ ಮರೆಗೆ ಹೋಯಿತು. ಶಿರಹಟ್ಟಿಯ ಒಂದು ಮದುವೆಗೆ ನಾವೂ ಹೋಗಿದ್ದೆವು. ಕಾಕು ದೊಡ್ಡ ಸ್ಪೀಕರಿನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು. ನನಗೆ ಕಾಕಾನ ತಲೆಗೂದಲಷ್ಟೇ ಕಾಣುತ್ತಿತ್ತು. ಕಾಕು ಮಾತ್ರ ಪ್ರತಿ ಹಾಡಿಗೂ ನನ್ನ ಮೊಣಕೈ ತಿವಿದು, "ಇದು ಅವರು... ಈಗ ಅವರು," ಎನ್ನುತ್ತಿದ್ದರು. ಮುಂದಿನ ಸಾಲು ತಪ್ಪಿದ್ದಕ್ಕೆ ಕಾಕಾ ಬೇಜಾರಾದದ್ದನ್ನು ನಾನು ಕಾಣಲಿಲ್ಲ. ಇದ್ದಿರಬಹುದು... ಆ ಮಾತು ಅವರು ಎಂದೂ ಎತ್ತಲಿಲ್ಲ.

ನಾವು ಗದಗಿಗೆ ಮನೆ ಮಾಡಿಕೊಂಡು ಬಂದೆವು. ಹೋದ ವರ್ಷ ಕಾಕಾ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಕಾಕು ಗಿಟಾರನ್ನು ಆರ್ಕೆಸ್ಟ್ರಾದವರಿಗೇ ಕೊಟ್ಟುಬಿಟ್ಟರು. "ಗ್ವಾಡಿಗೆ ತೂಗು ಹಾಕಿ ಏನ್ ಮಾಡ್ಲಿ? ಬಾರಸೋರ ಕೈಯಾಗ ಇರ್ಲಿ, ನಾನೂ ಹೋದಲ್ಲಿ ಕೇಳ್ತೀನಿ," ಎಂದಿದ್ದರು.

ಮೊನ್ನೆ ಲಕ್ಷ್ಮೇಶ್ವರದಲ್ಲಿ ಪರಿಚಿತರ ಮದುವೆ. ನಾನೇ ಕಾಕುವನ್ನು ಕರೆದುಕೊಂಡು ಹೋಗಿದ್ದೆ. ವೇದಿಕೆಯ ಮುಂದಿನ ಸಾಲಿನಲ್ಲೇ ಆ ಗಿಟಾರ್ ಇತ್ತು, ಹೊಸ ಹುಡುಗನ ಕೊರಳಲ್ಲಿ. ಸಾಗವಾನಿಗೆ ಹೊಸ ಪಾಲಿಶ್ ಬಿದ್ದಿತ್ತು. ತಂತಿಗಳ ಕೆಳಗೆ ಕಣ್ಣು ಹಾಯಿಸಿದೆ. ಅಗಲದ ಕಪ್ಪು ಪಿಕಪ್ ಇರಲಿಲ್ಲ. ಆ ಕುಣಿಯಲ್ಲಿ ತೆಳ್ಳನೆಯ ಬಿಳಿಯದು ಕುಳಿತಿತ್ತು. ಆರ್ಕೆಸ್ಟ್ರಾದವರ ತಪ್ಪೂ ಅಲ್ಲ, ಅವರ ಹಾಡಿಗೆ ಅದೇ ಬೇಕು. ಹುಡುಗ ಚೆನ್ನಾಗಿ ಬಾರಿಸಿದ, ಮಂದಿ ಸೀಟಿ ಹೊಡೆದರು. ಕಾಕಾ ಹೋದ ದಿನ ನಾನು ಅತ್ತಿರಲಿಲ್ಲ, ಮೊನ್ನೆ ಆ ಬಿಳಿ ಪಿಕಪ್ ನೋಡುತ್ತ ಕಣ್ಣು ಒರೆಸಿಕೊಂಡೆ.

ಎರಡನೆಯ ಚರಣ ನಡೆದಿತ್ತು. ವೇದಿಕೆ ಮರೆಯಾಗುವಷ್ಟು ಸ್ಪೀಕರಿಗೆ ಒತ್ತಿ ಕುಳಿತಿದ್ದ ಕಾಕು ನನ್ನ ಕಡೆ ಬಾಗಿದರು.

"ಅವರ ಗಿಟಾರ್ ಇನ್ನೂ ಶುರು ಮಾಡಿಲ್ಲೇನವಾ?"

ಅವರ ಕಿವಿಯ ಹತ್ತಿರ ಬಾಯಿಟ್ಟು, "ಇನ್ನೂ ಇಲ್ಲ ಕಾಕು," ಎಂದೆ.

"ಆತು, ಸಾವಕಾಶ ಮಾಡ್ಲಿ," ಎಂದು ಸೆರಗು ಹೊದ್ದು, ಕಾಯುತ್ತ ಕುಳಿತರು.