ನಾನು ಕತ್ತರಿಸಿದ ಬೇರುಗಳು

ಪರದೇಶದ ಈ ಕೆಂಟನ್ನಿನ ಮನೆಗೆ ಬಂದ ಮೊದಲ ವಸಂತದಲ್ಲೇ ಮುಂದಿನ ಅಂಗಳದಲ್ಲಿ ಮ್ಯಾಗ್ನೋಲಿಯಾ ಸಸಿ ನೆಟ್ಟೆ. ನಮ್ಮ ಸಂಪಿಗೆಯ ಬಳಗದ್ದೇ ಎಂದು ಯಾರೋ ಹೇಳಿದ್ದರು. ಗೋಡೆಗೆ ಇಷ್ಟು ಹತ್ತಿರ ಬೇಡವೆಂದರು ನನ್ನವರು. ನಾನು ಹಟ ಹಿಡಿದು ಕಿಟಕಿಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಗುಂಡಿ ತೋಡಿದೆ. ಏಳು ವರ್ಷದಲ್ಲಿ ಅದು ನನಗಿಂತ ಎತ್ತರವಾಯಿತು. ಮಾರ್ಚ್ ಕೊನೆಗೆ ಎಲೆಯೇ ಇಲ್ಲದ ಕೊಂಬೆಗಳ ತುಂಬ ನಸುಗೆಂಪು ಹೂ. ಬಸ್ಸಿಗೆ ಹೋಗುವವರು ಗೇಟಿನ ಬಳಿ ನಿಂತು ನೋಡುತ್ತಿದ್ದರು.

ಆ ಏಳನೆಯ ವರ್ಷದ ಬೇಸಿಗೆಯಲ್ಲಿ ಮಳೆಯೇ ಬರಲಿಲ್ಲ. ಎದುರು ಮನೆಯ ಗೋಡೆ ಬಾಯಿಬಿಟ್ಟಿತು. ಅವರ ಅಂಗಳದ ದೊಡ್ಡ ಮರದ ಬೇರುಗಳು ಜೇಡಿಮಣ್ಣಿನ ನೀರನ್ನೆಲ್ಲ ಹೀರಿ ತಳಪಾಯ ಕುಸಿಯುತ್ತಿದೆಯಂತೆ. ಆ ಕುಟುಂಬ ಮನೆ ಬಿಟ್ಟು ಕ್ರೋಯ್ಡನ್ನಿನ ಫ್ಲ್ಯಾಟಿಗೆ ಹೋಯಿತು. ಅದಾಗಿ ಹತ್ತು ದಿನಕ್ಕೆ, ನಮ್ಮ ಕಿಟಕಿಯ ಕೆಳಗೆ ಒಳಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು.

ನನ್ನ ಮರದ್ದೇ ಕೆಲಸ ಎನಿಸಿತು. ಸೋಫಾ ಎಳೆದು ಅದನ್ನು ಮರೆಮಾಡಿದೆ. ನನ್ನವರು ಕೆಲಸಕ್ಕೆ ಟ್ಯೂಬ್ ರೈಲು ಹಿಡಿಯಲು ಹೊರಟೊಡನೆ ಸೋಫಾ ಸರಿಸಿ ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಗೆರೆ ದಾಟಿ ದಾಟಿ ಅದು ಮೇಲೇರಿತು. ಮಹಡಿಯ ಕೋಣೆಯಲ್ಲಿ ಮಗಳು ಕುಣಿದರೆ ಬೈಯುತ್ತಿದ್ದೆ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಸೋಫಾದ ಹಿಂದೆ ಇಣುಕುತ್ತಿದ್ದೆ. ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಅವರು ಬೇಡವೆಂದದ್ದು ನೆನಪಾಗಿ, ಚಹಾ ಬೇಕೇ ಎಂದು ಕೇಳಿ ಸುಮ್ಮನಾದೆ.

ಬಿರುಕಿನೊಳಗೆ ಹೇರ್‌ಪಿನ್ ಸಲೀಸಾಗಿ ತೂರಿದ ದಿನ ಗರಗಸ ಹಿಡಿದು ಹೊರಗೆ ಹೋದೆ. ಮರ ಕಡಿದರೆ ಕಾರಣ ಹೇಳಬೇಕು. ಬೇರು ಕಡಿದರೆ ಯಾರಿಗೂ ತಿಳಿಯದು. ಗೋಡೆಯ ಕಡೆ ಮಣ್ಣು ಬಗೆದೆ. ಬೇರುಗಳು ಆಳದಲ್ಲೇನೂ ಇರಲಿಲ್ಲ. ಬೆರಳಿನಷ್ಟು ದಪ್ಪ, ಮೆತ್ತಗೆ. ಗರಗಸ ತಾಗಿದಾಗ ಘಮ್ಮೆಂದವು. ಒಂದೊಂದನ್ನೇ ಕತ್ತರಿಸಿ ಮಣ್ಣು ಮುಚ್ಚಿದೆ.

ಬಿರುಕು ನಿಲ್ಲಲಿಲ್ಲ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನನ್ನವರೇ ಸೋಫಾ ಸರಿಸಿದರು. ಪೆನ್ಸಿಲ್ ಗೆರೆಗಳ ಮೇಲೆ ಬೆರಳಾಡಿಸಿದರು.

“ಎಷ್ಟ ದಿನ ಆತು ಇದನ್ನ ನೋಡಿ?”

“ಆಗಸ್ಟಿನ್ಯಾಗ ನೋಡಿದ್ದು. ಗಿಡ ಅಲ್ಲಿ ಹಚ್ಚಬ್ಯಾಡ ಅಂದಿದ್ರಿ ನೀವು. ನಾನ ಮನಿ ಕೆಡವಿದೆ ಅಂತ ಅಂಜಿದೆ.”

ಅವರು ಸೋಫಾವನ್ನು ಇನ್ನಷ್ಟು ದೂರ ಸರಿಸಿದರು. ಆಮೇಲೆ, “ಒಬ್ಬಾಕೀನ ಯಾಕ ಅಂಜಿಕೋತ ಕೂತಿ?” ಎಂದರು.

ಮರುವಾರ ಕಟ್ಟಡ ಪರೀಕ್ಷಿಸುವ ಸರ್ವೇಯರ್ ಬಂದು ಗೋಡೆಯ ಪಕ್ಕ ಅಗೆಸಿ ನೋಡಿದರು. ಮರದ ತಪ್ಪೇನೂ ಇರಲಿಲ್ಲ. ಕಿಟಕಿಯ ಕೆಳಗೆ ಹೂತಿದ್ದ ಹಳೆಯ ಚರಂಡಿ ಪೈಪು ಒಡೆದು, ನೀರು ತಳಪಾಯದ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಪೈಪು ಬದಲಾಯಿಸಿದ ಮೇಲೆ ಬಿರುಕು ಬೆಳೆಯಲಿಲ್ಲ. ಆದರೆ ಗುಂಡಿಯಲ್ಲಿ ತುಂಡಾದ ಬೇರುಗಳನ್ನು ಕಂಡು ಸರ್ವೇಯರ್, ಮ್ಯಾಗ್ನೋಲಿಯಾ ಬೇರಿಗೆ ಪೆಟ್ಟಾದರೆ ತಡೆಯುವುದಿಲ್ಲ, ಉಳಿಯುವುದು ಅನುಮಾನ ಎಂದರು.

ಆ ಚಳಿಗಾಲವೆಲ್ಲ ಮರ ಸತ್ತೀತೆಂಬ ಭಯ. ಹಿಮ ಬಿದ್ದ ಬೆಳಗುಗಳಲ್ಲಿ ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರಿದೆಯೇ ನೋಡುತ್ತಿದ್ದೆ. ಗೋಡೆಯ ಕಡೆಯ ಕೊಂಬೆಗಳು ಒಣಗಿದವು. ಮಾರ್ಚಿನಲ್ಲಿ ಬೀದಿಯ ಬೇರೆ ಮ್ಯಾಗ್ನೋಲಿಯಾಗಳೆಲ್ಲ ಅರಳಿದವು. ನಮ್ಮದರಲ್ಲಿ ಒಂದು ಮೊಗ್ಗೂ ಇಲ್ಲ.

ಅದರ ಮುಂದಿನ ವರ್ಷ ಒಂದು ಬೆಳಿಗ್ಗೆ, ಶಾಲೆಗೆ ಹೊರಟ ಮಗಳು ಅಂಗಳದಿಂದ ಕರೆದಳು. “ಮಮ್ಮಿ, ಕಮ್ ಅಂಡ್ ಸೀ.” ಚಪ್ಪಲಿ ಮೆಟ್ಟದೆ ಓಡಿದೆ. ರಸ್ತೆ ಕಡೆಯ ಕೊಂಬೆಯಲ್ಲಿ ಮೂರು ಹೂ ಬಿಟ್ಟಿದ್ದವು. ಮುಟ್ಟಲು ಧೈರ್ಯವಾಗಲಿಲ್ಲ. ಕೈ ಕಟ್ಟಿಕೊಂಡು ನೋಡುತ್ತ ನಿಂತೆ.